ನಾಲ್ವರು ಗೆಳೆಯರು, ಆರು ಜೋಡಿ: ಒಂದು ಫ್ಯಾಂಟಸಿ ಚಿತ್ರಕಥೆ ಕಟ್ಟಿದ ಅನುಭವ

ಖಳನಾಯಕನಿಲ್ಲದೆ, ಮಧ್ಯಂತರಕ್ಕೆ ಒಂದು ಭೂತವೂ ಎದ್ದು ಬಾರದೆ, ಹದಿಹರೆಯದವರ ಫ್ಯಾಂಟಸಿ ಚಿತ್ರ ಚಿತ್ರಮಂದಿರದಲ್ಲಿ ನಿಲ್ಲುವುದಿಲ್ಲವೆಂದು ಗಾಂಧಿನಗರದಲ್ಲಿ ನನಗೆ ಹೇಳದವರೇ ಇಲ್ಲ. ನಾನು ಚಿತ್ರಕಥೆ ಬರೆದ ಅಂತಹ ಒಂದು ಚಿತ್ರ ಕಳೆದ ಬೇಸಿಗೆ ರಜೆಯಲ್ಲಿ ತೆರೆಕಂಡು, ಹಾಕಿದ ಹಣವನ್ನು ಹೆಚ್ಚುಕಡಿಮೆ ಮರಳಿ ತಂದಿದೆ. ಅಂದು ತಲೆಯಾಡಿಸಿದ್ದ ಇಬ್ಬರು ಈಗ ಅದೇ ಬಗೆಯ ಕಥೆ ಇದೆಯೇ ಎಂದು ಫೋನ್ ಮಾಡುತ್ತಿರುವುದರಿಂದ, ಕಥೆಯ ಹಂದರವನ್ನು ಕಟ್ಟಿದ ಬಗೆಯನ್ನು ಬರೆದಿಡುವುದಕ್ಕೆ ಇದು ತಕ್ಕ ಹೊತ್ತೆಂದು ತೋರಿತು. ಚಿತ್ರಕಥೆ ಬರೆಯುವವರಿಗೆ ಕಥೆಯನ್ನು ಮೂರು ಅಂಕಗಳಾಗಿ ವಿಭಾಗಿಸುವ ಪಾಠವನ್ನಾಗಲಿ, ಸೀನ್‌ಗಳನ್ನು ಒಂದೊಂದೇ ಸಾಲಿನಲ್ಲಿ ಬರೆದು ಜೋಡಿಸುವ ಒನ್‌ಲೈನ್ ಆರ್ಡರ್ ಹಾಕುವ ಕ್ರಮವನ್ನಾಗಲಿ ನಾನು ಹೇಳಬೇಕಾಗಿಲ್ಲ.

ಕಥೆಯ ಬೀಜ ಇಷ್ಟೇ. ಸಾಗರದ ಕಡೆಯ ಒಂದು ಊರಿನಲ್ಲಿ ಒಂಬತ್ತನೆಯ ತರಗತಿಯ ನಾಲ್ವರಿಗೆ, ಅಂದರೆ ಸುಮಾ, ಗಣಪ, ಇಮ್ರಾನ್ ಮತ್ತು ರೀಟಾ ಎಂಬವರಿಗೆ, ಪಾಳುಬಿದ್ದ ಮನೆಯೊಂದರ ಅಟ್ಟದಲ್ಲಿ ಹಳೆಯ ಪಾತಾಳಗರಡಿಯೊಂದು ಸಿಗುತ್ತದೆ. ಬಾವಿಗೆ ಬಿದ್ದ ಕೊಡವನ್ನು ಎತ್ತುವ ಆ ಕಬ್ಬಿಣದ ಕೊಕ್ಕೆಗೊಂಚಲನ್ನು ತೋಟದ ಬಾವಿಗೆ ಇಳಿಬಿಟ್ಟರೆ, ಎಲ್ಲೋ ಎಂದೋ ಕಳೆದುಹೋದ ವಸ್ತು ಮೇಲಕ್ಕೆ ಬರುತ್ತದೆ. ಸಾವಿರ ರೂಪಾಯಿಯೂ ಬೆಲೆಬಾಳದ ಒಂದು ಸಾಮಾನಿನ ಸುತ್ತ ಇಡೀ ಚಿತ್ರವನ್ನು ಕಟ್ಟಬಹುದೆಂಬುದು ನನ್ನ ವಾದವಾಗಿತ್ತು.

ಆದರೆ ಮೊದಲ ಕರಡುಗಳಲ್ಲಿ ಬಾವಿ ಕೇವಲ ಬಾಗಿಲಾಗಿತ್ತು. ಮಕ್ಕಳು ಅದರೊಳಗೆ ಇಳಿದು ಪಾತಾಳಲೋಕಕ್ಕೆ ಹೋಗುತ್ತಿದ್ದರು, ಅಲ್ಲಿ ಒಬ್ಬ ನಾಗರಾಜನಿದ್ದ, ಅವನಿಗೊಂದು ಸೇನೆಯಿತ್ತು. ಗ್ರಾಫಿಕ್ಸ್ ಮಾಡುವವರ ಬಳಿ ಅಂದಾಜು ಕೇಳಿದಾಗ ನಲವತ್ತು ಲಕ್ಷಕ್ಕೆ ಕಡಿಮೆಯಾಗದೆಂದರು. ಆಗ ನಮ್ಮ ಒಟ್ಟು ಬಜೆಟ್ಟೇ ಒಂದೂಕಾಲು ಕೋಟಿಯ ಆಸುಪಾಸಿನಲ್ಲಿತ್ತು. ಹಣಕ್ಕಿಂತ ದೊಡ್ಡ ತೊಡಕು ಬೇರೆಯೇ ಇತ್ತು. ಪಾತಾಳದಲ್ಲಿ ನಡೆಯುವುದಕ್ಕೂ ಈ ನಾಲ್ವರ ಸ್ನೇಹಕ್ಕೂ ಸಂಬಂಧವೇ ಇರಲಿಲ್ಲ. ಸಾಹಸ ಒಂದು ಹಳಿಯ ಮೇಲೆ, ಗೆಳೆತನ ಇನ್ನೊಂದು ಹಳಿಯ ಮೇಲೆ ಓಡುತ್ತಿತ್ತು, ಮತ್ತು ಎರಡನ್ನೂ ಸೇರಿಸಲೆಂದು ಪ್ರತಿ ಇಪ್ಪತ್ತು ನಿಮಿಷಕ್ಕೊಮ್ಮೆ ಮಕ್ಕಳು ಜಗಳವಾಡಿ ಮತ್ತೆ ರಾಜಿಯಾಗುವ ಒಂದು ದೃಶ್ಯವನ್ನು ನಾನು ತುರುಕುತ್ತಿದ್ದೆ. ಅಂತಹ ಜಗಳವನ್ನು ಎಲ್ಲಿಂದ ತೆಗೆದು ಎಲ್ಲಿಗೆ ಹಾಕಿದರೂ ಕಥೆಗೆ ಏನೂ ಆಗುತ್ತಿರಲಿಲ್ಲ. ಈ ಬಗೆಯ ಬಹುತೇಕ ಚಿತ್ರಗಳ ರೋಗವೇ ಇದೆಂದು ನಾನು ಇಂದಿಗೂ ಹೇಳುತ್ತೇನೆ.

ದಾರಿ ತೋರಿಸಿದ್ದು ಎ. ಕೆ. ರಾಮಾನುಜನ್ ಅವರು ಕರ್ನಾಟಕದಲ್ಲಿ ಸಂಗ್ರಹಿಸಿದ, ಹೂಬಿಡುವ ಮರವಾಗುವ ಹುಡುಗಿಯ ಜನಪದ ಕಥೆ. ಒಂದು ಕೊಡ ನೀರು ಸುರಿದರೆ ಹುಡುಗಿ ಮರವಾಗುತ್ತಾಳೆ, ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿಯಾಗುತ್ತಾಳೆ. ನಡುವೆ ಯಾರೂ ರೆಂಬೆಯನ್ನು ಮುರಿಯಬಾರದು. ಮದುವೆಯಾದ ಮೇಲೆ ಅವಳ ನಾದಿನಿ ತನ್ನ ಗೆಳತಿಯರನ್ನು ಕರೆತಂದು, ಬೇಕಾಬಿಟ್ಟಿ ಹೂ ಕಿತ್ತು ರೆಂಬೆ ಮುರಿದು ಹೊರಟುಹೋಗುತ್ತಾಳೆ, ಮತ್ತು ಹುಡುಗಿ ಕೈಕಾಲಿಲ್ಲದ ಅರ್ಧ ದೇಹವಾಗಿ ಉಳಿಯುತ್ತಾಳೆ. ಅಲ್ಲಿ ರಾಕ್ಷಸನಿಲ್ಲ, ಮಾಟಗಾತಿಯಿಲ್ಲ. ಹರೆಯದ ಹುಡುಗಿಯರ ಉಡಾಫೆಯೊಂದೇ ಕಥೆಯ ನಡುವಿನ ಅನಾಹುತಕ್ಕೆ ಸಾಕಾಗಿದೆ. ಮಾಯೆಯ ನಿಯಮವೂ ಮನುಷ್ಯ ಸಂಬಂಧವೂ ಒಂದೇ ಕಡೆ ಮುರಿಯುತ್ತವೆ.

ಅಲ್ಲಿಂದ ನಾನು ನಿಯಮವನ್ನು ಹೀಗೆ ಹಾಕಿಕೊಂಡೆ. ಕೊಕ್ಕೆಯನ್ನು ಒಬ್ಬರು ಇಳಿಬಿಡಲಾಗದು. ಒಬ್ಬರು ಹಗ್ಗ ಹಿಡಿಯಬೇಕು, ಇನ್ನೊಬ್ಬರು ಕಳೆದ ವಸ್ತುವಿನ ಹೆಸರು ಹೇಳಬೇಕು. ವಸ್ತು ಮೇಲೆ ಬಂದಾಗ ಆ ಇಬ್ಬರ ನಡುವಿನ ಒಂದು ನೆನಪು ಇಬ್ಬರಿಂದಲೂ ಹೊರಟುಹೋಗುತ್ತದೆ, ಮತ್ತು ವಸ್ತು ಎಷ್ಟು ದೊಡ್ಡದೋ ಹೋಗುವ ನೆನಪೂ ಅಷ್ಟು ದೊಡ್ಡದು. ಒಂದು ಜೋಡಿಗೆ ಒಂದೇ ಅವಕಾಶ. ನಾಲ್ವರಲ್ಲಿ ಆರು ಜೋಡಿಗಳಾಗುತ್ತವೆ. ಆದ್ದರಿಂದ ಇಡೀ ಚಿತ್ರದಲ್ಲಿ ಕೊಕ್ಕೆ ಬಾವಿಗೆ ಇಳಿಯುವುದು ಆರೇ ಬಾರಿ. ಹೀಗೆ ನಿಯಮ ಹಾಕಿದ ಕೂಡಲೇ ಕಥೆಗೆ ತಾನಾಗಿಯೇ ಆರು ಗಂಟುಗಳು ಬಿದ್ದವು. ಮಾಯೆಯ ಬೆಲೆಯನ್ನು ಸ್ನೇಹದಿಂದಲೇ ತೆರಬೇಕಾದ್ದರಿಂದ, ಸಾಹಸದ ದೃಶ್ಯ ಬೇರೆ, ಗೆಳೆತನದ ದೃಶ್ಯ ಬೇರೆ ಎಂಬುದೇ ಉಳಿಯಲಿಲ್ಲ.

ಅನಂತರ ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತಂದು, ಅಡ್ಡಕ್ಕೆ ಆರು ಜೋಡಿಗಳನ್ನೂ ಉದ್ದಕ್ಕೆ ಸೀನ್ ಸಂಖ್ಯೆಗಳನ್ನೂ ಬರೆದೆ. ಎಪ್ಪತ್ತರ ಆಸುಪಾಸು ಸೀನ್‌ಗಳಿದ್ದವು. ಪ್ರತಿಯೊಂದು ಸೀನ್ ಮುಗಿಯುವಷ್ಟರಲ್ಲಿ ಕನಿಷ್ಠ ಒಂದು ಜೋಡಿಯ ಚೌಕದಲ್ಲಿ ಏನಾದರೂ ಬದಲಾಗಿರಬೇಕು. ಇಡೀ ಸಾಲು ಖಾಲಿ ಉಳಿದರೆ ಆ ಸೀನ್ ಎಷ್ಟೇ ನಗಿಸಿದರೂ ಹೊರಗೆ. ಹೀಗೆ ಹೊರಬಿದ್ದವುಗಳಲ್ಲಿ ನನಗೆ ಬಹಳ ಪ್ರಿಯವಾಗಿದ್ದ ಅಡಿಕೆ ಕೊಯ್ಲಿನ ಸೀನ್ ಒಂದಿತ್ತು, ಛಾಯಾಗ್ರಾಹಕರು ಅದಕ್ಕಾಗಿ ಇಂದಿಗೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ಒಂದೇ ಕಂಬಸಾಲು ಹದಿನೈದು ಸೀನ್‌ಗಳವರೆಗೆ ಖಾಲಿ ಇದ್ದರೆ ಆ ಜೋಡಿಯನ್ನು ಪ್ರೇಕ್ಷಕರು ಮರೆತಿರುತ್ತಾರೆಂದು ಅರ್ಥ. ಜೋಡಿಗಳನ್ನು ಯಾವ ಅನುಕ್ರಮದಲ್ಲಿ ಬಾವಿಯ ಬಳಿಗೆ ತರಬೇಕೆಂಬುದನ್ನು ನಿರ್ಧರಿಸಲು ನನ್ನದೇ ಒಂದು ಲೆಕ್ಕವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ಚಿತ್ರಕ್ಕೂ ಅದು ಬೇಕಾಗುತ್ತದೆ.

ಮೊದಲ ಸಲ ಗಣಪ ಮತ್ತು ಇಮ್ರಾನ್ ಕಳೆದುಹೋದ ಕ್ರಿಕೆಟ್ ಚೆಂಡನ್ನು ಎತ್ತುತ್ತಾರೆ, ಇಬ್ಬರೂ ಸೇರಿ ನಗುತ್ತಿದ್ದ ಒಂದು ಜೋಕು ಹೋಗುತ್ತದೆ. ಇದು ಹದಿನೆಂಟನೆಯ ನಿಮಿಷದ ಹೊತ್ತಿಗೆ ಬರುತ್ತದೆ. ಆ ಜೋಕು ಹೋಯಿತೆಂಬುದು ಪ್ರೇಕ್ಷಕರಿಗೆ ತಿಳಿಯಬೇಕು, ಮಕ್ಕಳಿಗೆ ತಿಳಿಯಬಾರದು. ಅದಕ್ಕೆ ಧ್ವನಿಯಲ್ಲಿ ಬಳಸಿದ ಉಪಾಯವನ್ನು ಚಿತ್ರ ನೋಡಿಯೇ ಕಂಡುಕೊಳ್ಳಬೇಕು. ಎರಡನೆಯ ಮತ್ತು ಮೂರನೆಯ ಸಲಗಳ ಬಗ್ಗೆ ಹೇಳುವಂಥದ್ದೇನಿಲ್ಲ, ಅವು ಬೆಲೆಯನ್ನು ಏರಿಸುವ ಮೆಟ್ಟಿಲುಗಳಷ್ಟೇ.

ನಾಲ್ಕನೆಯದು ಮಧ್ಯಂತರ. ಒಂದನೆಯ ತರಗತಿಯಿಂದ ಜೊತೆಗಿರುವ ಸುಮಾ ಮತ್ತು ಗಣಪ, ತೀರಿಹೋದ ಅವಳ ಅಪ್ಪನ ಧ್ವನಿ ಇರುವ ಹಳೆಯ ಕೀಪ್ಯಾಡ್ ಫೋನನ್ನು ಎತ್ತುತ್ತಾರೆ. ಬಾವಿಯಿಂದ ಬಂದ ವಸ್ತು ಕೈಜಾರಿದ ಗಳಿಗೆಯಲ್ಲಿ ಹೇಗಿತ್ತೋ ಹಾಗೆಯೇ, ಒಣಗಿಕೊಂಡೇ ಬರುತ್ತದೆಂದು ಚೆಂಡಿನ ದೃಶ್ಯದಲ್ಲಿಯೇ ತೋರಿಸಿರುವುದರಿಂದ ಫೋನ್ ಹತ್ತುತ್ತದೆ. ಅವಳು ಅದನ್ನು ಕಿವಿಗೆ ಹಿಡಿದು, ಊಟಕ್ಕೆ ಬಾ ಮಗಳೇ ಎಂಬ ಒಂದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಾಳೆ. ಗಣಪ ಹಗ್ಗವನ್ನು ಸುತ್ತಿಡುತ್ತಿರುತ್ತಾನೆ. ಸುಮಾ ಕಣ್ಣೊರೆಸಿಕೊಂಡು ತಿರುಗಿ ನೋಡಿ, ಅಪರಿಚಿತರೊಡನೆ ಮಾತನಾಡುವ ಮರ್ಯಾದೆಯಿಂದ, “ನೀವು ಯಾರ ಮನೆಯವರು?” ಎಂದು ಕೇಳುತ್ತಾಳೆ. ಅವನೂ ಅಷ್ಟೇ ಮರ್ಯಾದೆಯಿಂದ ಮನೆಯ ಹೆಸರು ಹೇಳುತ್ತಾನೆ. ಅಲ್ಲಿಗೆ ಮಧ್ಯಂತರ.

ಈ ನಾಲ್ಕು ಸಾಲಿನ ಸಂಭಾಷಣೆಗಾಗಿ ನಾನು ಕಳೆದುಕೊಂಡ ಅಡ್ವಾನ್ಸ್ ಸುಮಾರು ಒಂದೂವರೆ ಲಕ್ಷ. ಮೊದಲ ನಿರ್ಮಾಪಕರು ನರೇಷನ್, ಅಂದರೆ ನಾನು ಬಾಯಲ್ಲೇ ಹೇಳಿದ ಕಥೆಯನ್ನು ಕೇಳಿ, “ಸರ್, ಮಧ್ಯಂತರಕ್ಕೆ ಬಾವಿಯಿಂದ ಏನಾದರೂ ಎದ್ದು ಬರಲೇಬೇಕು, ಇಲ್ಲದಿದ್ದರೆ ಪಾಪ್‌ಕಾರ್ನ್ ತರಲು ಹೋದವರು ವಾಪಸು ಬರುವುದಿಲ್ಲ” ಎಂದರು. ನಾನು ಒಪ್ಪಲಿಲ್ಲ, ಅವರು ಎರಡನೆಯ ಕಂತು ಕೊಡಲಿಲ್ಲ, ಮತ್ತು ಕಥೆಯ ಹಕ್ಕನ್ನು ಬಿಡಿಸಿಕೊಳ್ಳಲು ಪಡೆದ ಹಣವನ್ನು ಸಾಲ ಮಾಡಿ ಹಿಂದಿರುಗಿಸಬೇಕಾಯಿತು. ಎರಡನೆಯ ನಿರ್ಮಾಪಕರು ಒಪ್ಪಿದ್ದು ಮಧ್ಯಂತರ ಹಿಡಿಸಿತೆಂದಲ್ಲ, ನಾಗರಾಜನ ಸೇನೆ ಹೋದ ಮೇಲೆ ಗ್ರಾಫಿಕ್ಸ್ ವೆಚ್ಚ ಆರು ಲಕ್ಷಕ್ಕೆ ಇಳಿದಿತ್ತೆಂದು. ಮಾಯೆಯೆಲ್ಲ ನೀರಿನ ಕೆಳಗೆ, ಕಣ್ಣಿಗೆ ಕಾಣದ ಕಡೆ ನಡೆಯುತ್ತದೆ. ನಮಗೆ ಕಾಣುವುದು ಹಗ್ಗ ಬಿಗಿಯಾಗುವುದು ಮಾತ್ರ. ಬಿಡುಗಡೆಯ ಮೊದಲ ವಾರ ಶಿವಮೊಗ್ಗದ ಚಿತ್ರಮಂದಿರವೊಂದರಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ನೋಡಿದೆ: ದೀಪ ಹತ್ತಿದ ಮೇಲೂ ಮಕ್ಕಳು ಏಳಲಿಲ್ಲ, ಅವನಿಗೂ ಮರೆತುಹೋಯಿತಾ ಎಂದು ಪಕ್ಕದವರನ್ನು ಕೇಳುತ್ತಿದ್ದರು. ಪಾಪ್‌ಕಾರ್ನ್ ಮಾತು ಹೇಳಿದವರು ಅಲ್ಲಿರಬೇಕಾಗಿತ್ತು.

ದ್ವಿತೀಯಾರ್ಧ ನನ್ನನ್ನು ಹೆಚ್ಚು ಕಾಡಿಸಿತು. ಉಳಿದ ಜೋಡಿಗಳು ಎರಡು. ಐದನೆಯ ಸಲ, ಶಾಲೆಯ ಪ್ರವಾಸದ ಹಣ ಕಾಣೆಯಾಗಿ ಇಮ್ರಾನನ ಮೇಲೆ ಅನುಮಾನ ಬಂದಾಗ, ಗಣಪ ಮತ್ತು ರೀಟಾ ಆ ಹಣದ ಚೀಲವನ್ನು ಎತ್ತುತ್ತಾರೆ. ಒಳ್ಳೆಯ ಉದ್ದೇಶಕ್ಕೂ ಬೆಲೆ ತಪ್ಪುವುದಿಲ್ಲ. ಆರನೆಯದು ಇಮ್ರಾನ್ ಮತ್ತು ರೀಟಾ. ಇವರಿಬ್ಬರಿಗೆ ಮೊದಲಿಂದಲೂ ಆಗಿಬರುವುದಿಲ್ಲ, ಒಟ್ಟಿಗೆ ಇದ್ದ ಒಂದು ಒಳ್ಳೆಯ ನೆನಪೂ ಇಲ್ಲ. ಹಾಗಾದರೆ ಬಾವಿ ಇವರಿಂದ ಕಸಿದುಕೊಳ್ಳುವಂಥದ್ದೇನೂ ಇಲ್ಲ, ಇವರು ಎಳೆದರೆ ಪುಕ್ಕಟೆ. ನಾಲ್ವರಿಗೂ ಇದು ಹೊಳೆಯುವಷ್ಟರಲ್ಲಿ, ಒಂದು ಮಳೆಯ ಮಧ್ಯಾಹ್ನ ಬಸ್ ತಂಗುದಾಣದಲ್ಲಿ ಸಿಕ್ಕಿಕೊಂಡು ಇಬ್ಬರೂ ಗೆಳೆಯರಾಗಿಬಿಟ್ಟಿರುತ್ತಾರೆ. ಪ್ರೇಕ್ಷಕರು ಇಡೀ ಚಿತ್ರ ಬಯಸಿದ್ದು ನಡೆದ ಕ್ಷಣವೇ ಕಥೆಗೆ ಅತ್ಯಂತ ದುಬಾರಿಯಾದ ಕ್ಷಣ. ಕ್ಲೈಮ್ಯಾಕ್ಸ್‌ಗೆ ಬೇಕಾದ ಬಿಗಿಯೆಲ್ಲ ಇಲ್ಲಿಂದಲೇ ಬಂತು, ಮೇಲಿನಿಂದ ಏನನ್ನೂ ಸೇರಿಸಬೇಕಾಗಲಿಲ್ಲ.

ಅವರು ಎತ್ತುವುದು ಸುಮಾ ಒಂದನೆಯ ತರಗತಿಯಲ್ಲಿ ಕಳೆದುಕೊಂಡ ಸ್ಲೇಟನ್ನು. ಅದರ ಮೇಲೆ ಬಳಪದಲ್ಲಿ ಎರಡು ಹೆಸರುಗಳಿವೆ, ಅವುಗಳಲ್ಲಿ ಒಂದು ‘ಗನಪ’ ಎಂದು ತಪ್ಪಾಗಿದೆ. ಮೂರನೆಯ ಸೀನ್‌ನಲ್ಲಿಯೇ ಸುಮಾ ಅವನನ್ನು ಹಾಗೆ ಕರೆದು ರೇಗಿಸಿರುತ್ತಾಳೆ, ಮಧ್ಯಂತರದ ಅನಂತರ ಆ ಹೆಸರು ಯಾರ ಬಾಯಲ್ಲಿಯೂ ಬಂದಿರುವುದಿಲ್ಲ. ನೆನಪು ಮರಳಿ ಬರುವುದಿಲ್ಲ, ಏಕೆಂದರೆ ಬಾವಿ ವಸ್ತುವನ್ನಷ್ಟೇ ಕೊಡುತ್ತದೆ. ಅವಳು ಅದನ್ನು ಓದಿ, ಕಾಗುಣಿತ ತಪ್ಪಾಗಿದೆಯೆಂದು ಅಪರಿಚಿತ ಹುಡುಗನಿಗೆ ಹೇಳಿ ನಗುತ್ತಾಳೆ. ನೆನಪು ಮರಳಬೇಕೆಂದು ನಿರ್ದೇಶಕರು ಬಹಳ ವಾದಿಸಿದರು. ಎರಡೂ ಬಗೆಯಲ್ಲಿ ಚಿತ್ರೀಕರಿಸಿದೆವು, ಸಂಕಲನದಲ್ಲಿ ನನ್ನದು ಉಳಿಯಿತು.

ನಿಯಮಗಳಲ್ಲಿ ತೂತು ಹುಡುಕಲು ಮಕ್ಕಳಿಗಿಂತ ಚುರುಕಾದವರಿಲ್ಲ. ಪರಿಚಯದ ಶಿಕ್ಷಕರೊಬ್ಬರ ನೆರವಿನಿಂದ ಎಂಟನೆಯ ತರಗತಿಯ ಮಕ್ಕಳಿಗೆ ಕಥೆಯನ್ನು ಮಧ್ಯಂತರದವರೆಗೆ ಹೇಳಿ, ಮುಂದೇನೆಂದು ಕೇಳಿದೆ. ಸತ್ತ ಅಪ್ಪನನ್ನೇ ಎತ್ತಬಹುದಲ್ಲ ಎಂದು ಒಬ್ಬಳು ಎದ್ದು ಕೇಳಿದಳು. ಕೈಯಿಂದ ಜಾರಿದ್ದು ಮಾತ್ರ ಬರುತ್ತದೆ ಎಂಬ ಅಜ್ಜನ ಮಾತು ಚಿತ್ರದೊಳಗೆ ಬಂದದ್ದು ಆ ಮಧ್ಯಾಹ್ನದಿಂದ. ಬೇರೆ ಊರಿನ ಐದನೆಯ ಹುಡುಗನನ್ನು ಕರೆತಂದರೆ ಹೊಸ ಜೋಡಿಗಳಾಗುತ್ತವಲ್ಲ ಎಂದ ಹುಡುಗನಿಗೆ ಮಾತ್ರ ನನ್ನ ಬಳಿ ಉತ್ತರವಿರಲಿಲ್ಲ. ಅದಕ್ಕಾಗಿ ಒಂದು ಪುಟ್ಟ ಸೀನ್ ಹೆಚ್ಚು ಬರೆಯಬೇಕಾಯಿತು. ನರೇಷನ್ನನ್ನು ಫೋನಿನಲ್ಲಿ ಧ್ವನಿಮುದ್ರಿಸಿ, ಅಕ್ಕನ ಮಗಳು ಹೋಮ್‌ವರ್ಕ್ ಮಾಡುವಾಗ ಹಾಕಿ, ಅವಳು ತಲೆಯೆತ್ತಿದ ಕಡೆ ಗುರುತು ಹಾಕುವ ಪ್ರಯೋಗವನ್ನೂ ಮಾಡಿದ್ದೆ. ಅವಳು ಹೆಚ್ಚಾಗಿ ತಲೆಯೆತ್ತಿದ್ದು ಊಟ ತಿಂಡಿಯ ಪ್ರಸಂಗಗಳಿಗೆ, ಆದ್ದರಿಂದ ಆ ಪ್ರಯೋಗವನ್ನು ಕೈಬಿಟ್ಟೆ.

ಕಾನೂನೂ ಹಂದರಕ್ಕೆ ಕೈಹಾಕಿತು. ನಮ್ಮ ನಾಲ್ವರಲ್ಲಿ ಇಬ್ಬರು 14 ವರ್ಷದೊಳಗಿನವರು. 2017ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ನಿಯಮಗಳ ಪ್ರಕಾರ ಅಂತಹ ಕಲಾವಿದರನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 3 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಸತತವಾಗಿ 27 ದಿನಗಳನ್ನು ಮೀರುವಂತಿಲ್ಲ, ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿಯೂ ಬೇಕು. ನಾಲ್ವರೂ ಒಟ್ಟಿಗಿರುವ ಸೀನ್‌ಗಳನ್ನು ಸಹನಿರ್ದೇಶಕರು ಹೆದರಿಕೊಂಡೇ ಎಣಿಸಿದರು; ಜೋಡಿಗಳ ಲೆಕ್ಕದಲ್ಲಿ ಬರೆದದ್ದರಿಂದ ಮುಕ್ಕಾಲು ಪಾಲು ಸೀನ್‌ಗಳಲ್ಲಿ ಇಬ್ಬರೇ ಇದ್ದರು. ಹೀಗಾಗಿ ಒಂದು ಗುಂಪು ಓದುವಾಗ ಇನ್ನೊಂದು ಗುಂಪಿನ ಚಿತ್ರೀಕರಣ ನಡೆದು, ಶೆಡ್ಯೂಲ್‌ನಲ್ಲಿ ಒಂದು ವಾರದಷ್ಟು ಉಳಿಯಿತು. ಆ ಉಳಿತಾಯವನ್ನು ಹಣದ ಲೆಕ್ಕದಲ್ಲಿ ಹೇಳುವುದಾದರೆ ಎಂಟು ಲಕ್ಷಕ್ಕೆ ಕಡಿಮೆಯಿಲ್ಲ, ಅದರಲ್ಲಿ ಲೇಖಕನಿಗೆ ಪಾಲು ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಹೊಸ ಕಥೆಗೆ ಐವರು ಗೆಳೆಯರಿರಲಿ ಎಂದು ನಿರ್ಮಾಪಕರು ಕೇಳಿದ್ದಾರೆ. ಐವರೆಂದರೆ ಹತ್ತು ಜೋಡಿ, ಎರಡು ಗಂಟೆಯಲ್ಲಿ ಅವು ಹಿಡಿಯುವುದಿಲ್ಲವೆಂದು ಲೆಕ್ಕದ ಪುಸ್ತಕವನ್ನೇ ತೆಗೆದುಕೊಂಡು ಹೋಗಿ ತೋರಿಸಿದೆ. ಮೂವರು ಹುಡುಗಿಯರ ಕಥೆಗೆ ಒಪ್ಪಿ ಮೊದಲ ಕಂತು ಕೊಟ್ಟಿದ್ದಾರೆ, ಆದರೆ ಮಧ್ಯಂತರವನ್ನು ಮಾತ್ರ ಮೊದಲೇ ಕೇಳಬೇಕಂತೆ.