ಗಂಟಲುಮಾರಿ ಮತ್ತೆ ಬಂದಿದೆ: ಲಸಿಕೆ ಕಾರ್ಡ್ ತೆಗೆಯಿರಿ, ಗಂಟಲು ನೋಡಿ

ಮೊದಲು ಮಗುವಿನ ಲಸಿಕೆ ಕಾರ್ಡ್ ಹುಡುಕಿ. ಬೀರುವಿನ ಯಾವ ಮೂಲೆಯಲ್ಲಿದ್ದರೂ ಸರಿ, ಇವತ್ತೇ ಹೊರಗೆ ತೆಗೆಯಿರಿ. ಗಂಟಲುಮಾರಿ, ಅಂದರೆ ಡಿಫ್ತೀರಿಯಾ, ಹೋಗಿಯೇ ಬಿಟ್ಟಿತು ಅಂದುಕೊಂಡ ಕಡೆ ಮತ್ತೆ ಕಾಣಿಸಿಕೊಳ್ಳುತ್ತಿದೆ. 1990ರ ದಶಕದಲ್ಲಿ ಹಿಂದಿನ ಸೋವಿಯತ್ ಒಕ್ಕೂಟದ ದೇಶಗಳಲ್ಲಿ 1,50,000ಕ್ಕೂ ಜಾಸ್ತಿ ಜನರಿಗೆ ಇದು ಬಂತು. ಅವರಲ್ಲಿ ದೊಡ್ಡವರೂ ಬಹಳ ಮಂದಿ. 2023ರಲ್ಲಿ ನೈಜೀರಿಯಾದಲ್ಲಿ ಹಬ್ಬಿತು.

ಈಗ ಡೋಸ್ ಎಣಿಸಿ. ಡಿಪಿಟಿ, ಪೆಂಟಾವೇಲೆಂಟ್, ಟಿಡಿ, ಈ ಯಾವ ಹೆಸರಿದ್ದರೂ ಅದರಲ್ಲಿ ಗಂಟಲುಮಾರಿಯ ಲಸಿಕೆ ಇದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಟ್ಟು ಆರು: ಆರು ವಾರದಿಂದ ಶುರುವಾಗಿ ಮೊದಲ ವರ್ಷದಲ್ಲಿ ಮೂರು, ಆಮೇಲೆ ಎರಡನೇ ವರ್ಷದಲ್ಲಿ ಒಂದು, 4ರಿಂದ 7 ವರ್ಷದೊಳಗೆ ಒಂದು, 9ರಿಂದ 15ರೊಳಗೆ ಇನ್ನೊಂದು. ಮೂರಾಯಿತಲ್ಲ, ಸಾಕು ಅಂತ ಬಿಡಬೇಡಿ. ಲಸಿಕೆ ಕೊಟ್ಟ ಶಕ್ತಿ ವರ್ಷ ಕಳೆದಂತೆ ಇಳಿಯುತ್ತದೆ. ನಡುವೆ ಒಂದು ತಪ್ಪಿದ್ದರೆ ಮೊದಲಿಂದ ಶುರು ಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸಬಹುದು. ದೊಡ್ಡವರು ಗಾಯವಾದಾಗ ಟಿಟಿ ಹಾಕಿಸಿಕೊಳ್ಳುತ್ತೀರಲ್ವಾ? ಟಿಡಿ ಇದೆಯಾ ಅಂತ ಕೇಳಿ. ಅದರಲ್ಲಿ ಧನುರ್ವಾಯು, ಗಂಟಲುಮಾರಿ ಎರಡಕ್ಕೂ ಲಸಿಕೆ ಇರುತ್ತದೆ.

ಯಾರಾದರೂ ಗಂಟಲು ನೋವು ಅಂದರೆ ಬಾಯಿ ತೆರೆಸಿ ಟಾರ್ಚ್ ಹಿಡಿದು ನೋಡಿ. ಟಾನ್ಸಿಲ್ ಮೇಲೆ ಬೂದು ಬಣ್ಣದ ದಪ್ಪ ಪೊರೆ ಅಂಟಿಕೊಂಡಿದೆಯಾ? ಕೆರೆಯಲು ಹೋಗಬೇಡಿ, ರಕ್ತ ಬರುತ್ತದೆ. ಜ್ವರ ಸುಮಾರಾಗಿಯೇ ಇರಬಹುದು, ಅದನ್ನು ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಕುತ್ತಿಗೆ ಊದಿದ್ದರೆ, ಉಸಿರಾಡುವಾಗ ಸದ್ದು ಬಂದರೆ ಒಂದು ನಿಮಿಷವೂ ಕಾಯಬಾರದು.

ಯಾಕಿಷ್ಟು ಅವಸರ? ರೋಗಾಣು ಹೆಚ್ಚಾಗಿ ಗಂಟಲಲ್ಲೇ ಕೂತಿರುತ್ತದೆ, ಆದರೆ ಅದು ಬಿಡುವ ವಿಷ ರಕ್ತಕ್ಕೆ ಸೇರಿ ಹೃದಯಕ್ಕೆ, ನರಗಳಿಗೆ ಹೋಗುತ್ತದೆ. ಆಂಟಿಟಾಕ್ಸಿನ್ ಅನ್ನುವ ಔಷಧಿ ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನು ಮಾತ್ರ ತಡೆಯುತ್ತದೆ, ಜೀವಕೋಶದೊಳಗೆ ಆಗಲೇ ಹೊಕ್ಕಿರುವುದನ್ನು ಅದು ಮುಟ್ಟಲಾರದು. ಅದಕ್ಕೇ ಗುಮಾನಿ ಬಲವಾಗಿದ್ದರೆ ಡಾಕ್ಟರು ಲ್ಯಾಬ್ ರಿಪೋರ್ಟ್‌ಗೆ ಕಾಯದೆ ಅದನ್ನು ಕೊಡುತ್ತಾರೆ. ಪೆನಿಸಿಲಿನ್, ಎರಿಥ್ರೋಮೈಸಿನ್ ರೋಗಾಣುವನ್ನು ಕೊಲ್ಲುತ್ತವೆ, ಬಿಟ್ಟಾಗಿರುವ ವಿಷವನ್ನಲ್ಲ. ಮನೆಯಲ್ಲಿ ಉಳಿದ ಮಾತ್ರೆ ನುಂಗಿಸಿ ನೋಡೋಣ ಅಂತ ಸುಮ್ನೆ ದಿನ ಕಳೆಯಬೇಡಿ, ದಯವಿಟ್ಟು. ಹೊರಡುವ ಮೊದಲೇ ಆಸ್ಪತ್ರೆಗೆ ಫೋನ್ ಮಾಡಿ, ಗಂಟಲಲ್ಲಿ ಪೊರೆ ಇದೆ, ಇಷ್ಟು ಡೋಸ್ ಬಾಕಿ ಇದೆ ಅಂತ ಹೇಳಿ. ಆಂಟಿಟಾಕ್ಸಿನ್ ಎಲ್ಲ ಕಡೆ ಸಿಗುವುದಿಲ್ಲ, ಹುಡುಕಲು ಅವರಿಗೂ ಸಮಯ ಬೇಕು.

ಕೆಮ್ಮಿದಾಗ, ಸೀನಿದಾಗ ಇದು ಹರಡುತ್ತದೆ. ಹಾಗಾಗಿ ಜೊತೆಯಲ್ಲಿದ್ದವರೆಲ್ಲ ಗಂಟಲು ಪರೀಕ್ಷೆ ಮಾಡಿಸಬೇಕು, ಡಾಕ್ಟರು ಹೇಳಿದ ಆಂಟಿಬಯೋಟಿಕ್ ಪೂರ್ತಿ ಮುಗಿಸಬೇಕು, ಬಾಕಿ ಇರುವ ಲಸಿಕೆ ಹಾಕಿಸಿಕೊಳ್ಳಬೇಕು.

ಗಂಟಲು ವಾಸಿಯಾದ ಮೇಲೂ ಕೆಲವು ವಾರ ಮಗುವಿನ ಮೇಲೆ ಕಣ್ಣಿಡಿ. ಮಾತು ಮೂಗಿನಲ್ಲಿ ಬಂದರೆ, ಕುಡಿದ ನೀರು ಮೂಗಿನಿಂದ ಇಳಿದರೆ, ಸುಸ್ತು ಜಾಸ್ತಿಯಾದರೆ ತಕ್ಷಣ ವಾಪಸ್ ಕರೆದುಕೊಂಡು ಹೋಗಿ. ವಿಷ ನರಕ್ಕೋ ಹೃದಯಕ್ಕೋ ತಾಗಿರಬಹುದು. ಒಂದು ಸಲ ಬಂದು ಹೋದರೆ ಮತ್ತೆ ಬರುವುದಿಲ್ಲ ಅನ್ನುವ ಹಾಗೂ ಇಲ್ಲ, ಚೇತರಿಸಿಕೊಂಡ ಮಗುವಿಗೂ ಲಸಿಕೆ ಹಾಕಿಸಬೇಕು.