ಬಿಟ್‌ಕಾಯಿನ್ ಲೆಕ್ಕ ಊರಿಗೆಲ್ಲ ಕಾಣದಂತೆ ಇಟ್ಟುಕೊಳ್ಳುವುದು ಹೇಗೆ?

ಸರಸ್ವತಿಪುರಂನ ನಮ್ಮ ಪಕ್ಕದ ಮನೆ ಹುಡುಗ ವೆಬ್‌ಸೈಟ್ ಮಾಡಿಕೊಟ್ಟು ಬಿಟ್‌ಕಾಯಿನ್‌ನಲ್ಲಿ ದುಡ್ಡು ಪಡೆಯುತ್ತಾನೆ. ಎಲ್ಲರಿಗೂ ಒಂದೇ ವಿಳಾಸ (ಖಾತೆ ನಂಬರಿನ ಹಾಗೆ, ದುಡ್ಡು ಕಳಿಸಲು ಕೊಡುವ ಅಕ್ಷರ-ಅಂಕಿಗಳ ಸಾಲು) ಕೊಟ್ಟಿದ್ದ. ಒಂದು ದಿನ ಗಿರಾಕಿಯೊಬ್ಬರು, ‘ಬೇರೆಯವರ ಹತ್ರ ಇಷ್ಟು ಕಡಿಮೆ ತಗೊಂಡಿದ್ದೀಯ, ನಂಗ್ಯಾಕಪ್ಪ ಜಾಸ್ತಿ?’ ಎಂದರು. ಅವರೇನೂ ಕದ್ದು ನೋಡಿರಲಿಲ್ಲ. 2009ರಿಂದ ನಡೆದ ಪ್ರತಿ ಬಿಟ್‌ಕಾಯಿನ್ ವ್ಯವಹಾರವನ್ನೂ ಯಾರು ಬೇಕಾದರೂ ನೋಡಬಹುದು. ಹೆಸರಿರುವುದಿಲ್ಲ, ವಿಳಾಸ ಇರುತ್ತದೆ.

ಮೊದಲು ನಿಮ್ಮದೇ ವ್ಯಾಲೆಟ್, ಅಂದರೆ ಬಿಟ್‌ಕಾಯಿನ್ ಪಡೆಯುವ, ಕಳಿಸುವ ಆ್ಯಪ್, ಹಾಕಿಕೊಳ್ಳಿ. ಕಂಪ್ಯೂಟರ್ ಇದ್ದರೆ ನನ್ನ ಓಟು ಸ್ಪ್ಯಾರೋ ಎಂಬ ವ್ಯಾಲೆಟ್‌ಗೆ. ಅದು ಕೊಡುವ 12 ಪದಗಳೇ ನಿಮ್ಮ ದುಡ್ಡಿನ ಕೀಲಿ, ಅವನ್ನು ಕಾಗದದಲ್ಲಿ ಬರೆದಿಡಿ. ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ತಮಗೇ ಕಳಿಸಿಕೊಳ್ಳುವವರನ್ನು ನೋಡಿದ್ದೇನೆ. ಬೇಡ.

ಪ್ರತಿ ಸಲ ದುಡ್ಡು ಬರುವಾಗ ಹೊಸ ವಿಳಾಸ ಕೊಡಿ. ವ್ಯಾಲೆಟ್ಟೇ ಮಾಡಿಕೊಡುತ್ತದೆ.

ಜನ ಎಡವುವುದು ಖರ್ಚು ಮಾಡುವಾಗ. ಪರದೆಯಲ್ಲಿ ಒಂದೇ ಮೊತ್ತ ಕಂಡರೂ ಒಳಗಿರುವುದು ಬಿಡಿ ತುಂಡುಗಳು. ಬಂದ ಒಂದೊಂದು ಪಾವತಿಯೂ ಒಂದೊಂದು ನೋಟು ಅಂದುಕೊಳ್ಳಿ. ದೇವರಾಜ ಮಾರುಕಟ್ಟೆಯಲ್ಲಿ 80 ರೂಪಾಯಿ ಹೂವಿಗೆ 50ರ ಎರಡು ನೋಟು ಕೊಟ್ಟು ಚಿಲ್ಲರೆ ತಗೊಳ್ತೀವಲ್ವಾ, ಹಾಗೇ ಇಲ್ಲೂ. ಆದರೆ ಎರಡು ವಿಳಾಸದ ತುಂಡುಗಳನ್ನು ಒಟ್ಟಿಗೆ ಕೊಟ್ಟರೆ, ಎರಡೂ ಒಬ್ಬರವೇ ಎಂದು ನೋಡುವವರು ಲೆಕ್ಕ ಹಾಕುತ್ತಾರೆ. ಹೊಸ ಹೊಸ ವಿಳಾಸ ಮಾಡಿದ ಶ್ರಮವೆಲ್ಲ ನೀರಲ್ಲಿ ಹೋಮ.

ಅದಕ್ಕೇ ದುಡ್ಡು ಬಂದ ಕೂಡಲೇ ತುಂಡಿಗೆ ಲೇಬಲ್ ಹಾಕಿ: ಯಾರಿಂದ, ಯಾವುದಕ್ಕೆ. ಕಳಿಸುವಾಗ ತುಂಡನ್ನು ನೀವೇ ಆರಿಸಿ. ಒಂದು ಸಾಲದಿದ್ದರೆ ಒಬ್ಬರೇ ಗಿರಾಕಿ ಕೊಟ್ಟವನ್ನು ಜೋಡಿಸಿ. ವಾಪಸ್ ಬಂದ ಚಿಲ್ಲರೆಗೂ ಅದೇ ಲೇಬಲ್. ಅದರ ಜಾಡು ನೀವು ದುಡ್ಡು ಕೊಟ್ಟವರಿಗೆ ಸಿಗುತ್ತದೆ. ಗುರುತಿಲ್ಲದವರಿಂದ ಪುಡಿಗಾಸು ಬಂದಿದ್ದರೆ ಫ್ರೀಜ್ ಮಾಡಿಬಿಡಿ, ಅಂದರೆ ಖರ್ಚಾಗದಂತೆ ವ್ಯಾಲೆಟ್‌ನಲ್ಲಿ ತಡೆದಿಡಿ. ಅದನ್ನು ಉಳಿದ ತುಂಡುಗಳ ಜೊತೆ ಖರ್ಚು ಮಾಡಲಿ ಎಂದೇ ಕಾಯುವವರಿದ್ದಾರೆ.

ಬೇರೆಯವರ ಸರ್ವರ್ ಮೂಲಕ ಬ್ಯಾಲೆನ್ಸ್ ನೋಡಿದರೆ ನಿಮ್ಮ ವಿಳಾಸಗಳು ಅವರಿಗೆ ಗೊತ್ತಾಗುತ್ತವೆ. ಗುರುತು ಮರೆಸುವ ಟಾರ್ ಜಾಲ ನಿಮ್ಮ ಐಪಿಯನ್ನಷ್ಟೇ (ಇಂಟರ್ನೆಟ್ ಸಂಪರ್ಕದ ನಂಬರು) ಮುಚ್ಚುತ್ತದೆ. ಆಗುವುದಾದರೆ ಸ್ವಂತ ನೋಡ್ (ಬಿಟ್‌ಕಾಯಿನ್ ಲೆಕ್ಕವನ್ನು ನಿಮ್ಮ ಕಂಪ್ಯೂಟರಿನಲ್ಲೇ ನೋಡಿಕೊಳ್ಳುವ ಸಾಫ್ಟ್‌ವೇರ್) ನಡೆಸಿ.

ಇದ್ಯಾವುದೂ ತೆರಿಗೆ ತಪ್ಪಿಸುವ ದಾರಿಯಲ್ಲ. ಬಿಟ್‌ಕಾಯಿನ್ ಮಾರಿ ರೂಪಾಯಿ ಪಡೆಯುವ ಎಕ್ಸ್‌ಚೇಂಜ್‌ಗೆ ನಿಮ್ಮ ಪ್ಯಾನ್ ಗೊತ್ತು. ಮಾರಿದ ಲಾಭಕ್ಕೆ 30% ತೆರಿಗೆ, ವ್ಯವಹಾರಕ್ಕೆ 1% ಟಿಡಿಎಸ್, ಎರಡೂ 2022ರಿಂದ ಇವೆ. ‘ಕೆವೈಸಿ ಬೇಡ, ಸುಮ್ನೆ ಕಳಿಸಿ’ ಎನ್ನುವ ಟೆಲಿಗ್ರಾಂ ಅಣ್ಣಂದಿರ ಹತ್ತಿರವೂ ಸುಳಿಯಬೇಡಿ.

ಇನ್ನೊಂದು ಮಾತು: ಆ 12 ಪದಗಳಿಂದ ದುಡ್ಡು ವಾಪಸ್ ಸಿಗುತ್ತದೆ, ಲೇಬಲ್ ಸಿಗುವುದಿಲ್ಲ. ಅದರ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಬೇರೆಯೇ ಇಡಿ.