ಗುರುವಿನ ಜೊತೆ ಓಡುವ ಕ್ಷುದ್ರಗ್ರಹಗಳು: ನಾನೇ ಲೆಕ್ಕ ಹಾಕಿ ನೋಡಿದ್ದು

ಗುರು ಗ್ರಹ ತನ್ನ ಕಕ್ಷೆಯಲ್ಲಿ ಒಂಟಿಯಲ್ಲ. ಅದರ ಮುಂದೆ 60 ಡಿಗ್ರಿ ದೂರದಲ್ಲಿ ಕ್ಷುದ್ರಗ್ರಹಗಳ ಒಂದು ಗುಂಪಿದೆ, ಹಿಂದೆ 60 ಡಿಗ್ರಿ ದೂರದಲ್ಲಿ ಇನ್ನೊಂದು. ಎರಡೂ ಗುಂಪು ಗುರುವಿನ ಹಾಗೇ 11.86 ವರ್ಷಕ್ಕೆ ಒಂದು ಸುತ್ತು ಹಾಕುತ್ತವೆ. ಇವಕ್ಕೆ ಟ್ರೋಜನ್‌ಗಳು ಅಂತ ಹೆಸರು. ಅಂಥ ದೈತ್ಯ ಗ್ರಹ ಸೆಳೆಯುತ್ತಿದ್ದರೂ ಇವು ಯಾಕೆ ಅಲ್ಲೇ ಉಳಿದಿವೆ? "ಅಲ್ಲಿ ಗುರುತ್ವ ಸಮತೋಲನದಲ್ಲಿದೆ" ಅನ್ನುವ ಉತ್ತರ ಎಲ್ಲ ಕಡೆ ಸಿಗುತ್ತದೆ. ನನಗೆ ಅದು ಅರ್ಧ ಉತ್ತರ ಅನಿಸಿತು. ಚೂರು ಅಲುಗಿದರೆ ತಪ್ಪಿಹೋಗುವ ಸಮತೋಲನವೂ ಇರುತ್ತದೆ, ಅಲ್ವಾ?

ಹಾಗಾಗಿ ಮನೆಯ ಲ್ಯಾಪ್‌ಟಾಪ್‌ನಲ್ಲೇ ಲೆಕ್ಕ ಹಾಕಲು ಕೂತೆ. ಪಿಯುಸಿ ಮಟ್ಟದ ಗಣಿತ, ಸ್ವಲ್ಪ ಪೈಥಾನ್ ಗೊತ್ತಿದ್ದರೆ ಇದನ್ನು ಯಾರು ಬೇಕಾದರೂ ಮಾಡಬಹುದು.

ಮೊದಲು ನಿಜವಾದ ಕಲ್ಲುಗಳು ಎಲ್ಲಿವೆ ಅಂತ ನೋಡಬೇಕಿತ್ತು. ಅಮೆರಿಕದ ಮೈನರ್ ಪ್ಲಾನೆಟ್ ಸೆಂಟರ್ ಗೊತ್ತಿರುವ ಎಲ್ಲ ಕ್ಷುದ್ರಗ್ರಹಗಳ ಕಕ್ಷೆಯ ಅಂಕಿಗಳನ್ನು ಒಂದೇ ಫೈಲಿನಲ್ಲಿ ಉಚಿತವಾಗಿ ಕೊಡುತ್ತದೆ. ಅದರಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಸಾಲುಗಳಿವೆ. ಸೂರ್ಯನಿಂದ ಗುರುವಿಗೆ ಇರುವ ದೂರ ಭೂಮಿಗಿರುವ ದೂರದ 5.2 ಪಟ್ಟು. ಸರಾಸರಿ ದೂರ 5.05ರಿಂದ 5.35ರ ಒಳಗಿರುವ ಸಾಲುಗಳನ್ನಷ್ಟೇ ಉಳಿಸಿಕೊಂಡೆ. ಪ್ರತಿಯೊಂದಕ್ಕೂ ಕೆಪ್ಲರ್ ಸಮೀಕರಣ ಬಿಡಿಸಿ, ಫೈಲಿನಲ್ಲಿ ಕೊಟ್ಟ ದಿನ ಅದು ಎಲ್ಲಿತ್ತು ಅಂತ ಲೆಕ್ಕ ಹಾಕಿ, ಚುಕ್ಕೆ ಇಟ್ಟೆ. ನ್ಯೂಟನ್ ವಿಧಾನದಲ್ಲಿ ನಾಲ್ಕೈದು ಸಲ ತಿರುಗಿಸಿದರೆ ಕೆಪ್ಲರ್ ಸಮೀಕರಣದ ಉತ್ತರ ಬಂದುಬಿಡುತ್ತದೆ, ಅದಕ್ಕೆ ಹೆದರಬೇಕಿಲ್ಲ.

ಪರದೆ ಮೇಲೆ ಎರಡು ಮೋಡಗಳು ಮೂಡಿದವು. ಗುರುವಿನ ಮುಂದಿನದು ಹೆಚ್ಚು ದಟ್ಟ, ಹಿಂದಿನದು ಸ್ವಲ್ಪ ತೆಳು. ಎರಡೂ ಕಕ್ಷೆಯ ಉದ್ದಕ್ಕೆ ಬಾಗಿ ಚಾಚಿಕೊಂಡಿವೆ. 60 ಡಿಗ್ರಿ ಅಂದರೆ ಒಂದು ಬಿಂದು ಅಂದುಕೊಂಡವರು ಈ ಚಿತ್ರ ನೋಡಬೇಕು. ಕಲ್ಲುಗಳು ಆ ಬಿಂದುವಿನ ಆಚೆ ಈಚೆ ಹತ್ತಾರು ಡಿಗ್ರಿ ಹರಡಿವೆ. ಮೇಲೆ ಕೆಳಗೂ ಹರಡಿವೆ, ಕೆಲವುಗಳ ಕಕ್ಷೆ 30 ಡಿಗ್ರಿಗಿಂತ ಜಾಸ್ತಿ ಓರೆಯಾಗಿದೆ. ದೂರದ ಮಿತಿಯನ್ನು 3.7ರಿಂದ 4.2ಕ್ಕೆ ಬದಲಿಸಿದರೆ ಹಿಲ್ಡಾ ಗುಂಪು ಬರುತ್ತದೆ. ಅವೆಲ್ಲ ಸೇರಿ ದೊಡ್ಡದೊಂದು ತ್ರಿಕೋನ ಮಾಡುತ್ತವೆ. ಅದು ಬೇರೆಯದೇ ಕಥೆ, ಆದರೆ ಫೈಲು ಕೈಯಲ್ಲಿದ್ದಾಗ ನೋಡದೆ ಬಿಡಬೇಡಿ.

ಈ 60 ಡಿಗ್ರಿಯ ಬಿಂದುಗಳನ್ನು (ಮುಂದಿನದು ಎಲ್4, ಹಿಂದಿನದು ಎಲ್5) ಗಣಿತಜ್ಞ ಲಗ್ರಾಂಜ್ ಕಾಗದದ ಮೇಲೆ ಕಂಡುಕೊಂಡದ್ದು 1772ರಲ್ಲಿ. ಸೂರ್ಯ, ಗ್ರಹ, ಕಲ್ಲು ಮೂರೂ ಸಮಬಾಹು ತ್ರಿಕೋನದ ಮೂಲೆಗಳಲ್ಲಿದ್ದರೆ ಆ ತ್ರಿಕೋನ ಹಾಗೇ ತಿರುಗುತ್ತಿರಬಹುದು ಅಂತ ಅವರ ಲೆಕ್ಕ ಹೇಳಿತು. ಆಕಾಶದಲ್ಲಿ ಮೊದಲ ಸಾಕ್ಷಿ ಸಿಕ್ಕಿದ್ದು 1906ರ ಫೆಬ್ರುವರಿಯಲ್ಲಿ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಮ್ಯಾಕ್ಸ್ ವೋಲ್ಫ್ ತೆಗೆದ ಫೋಟೋ ತಟ್ಟೆಯಲ್ಲಿ 588 ಅಕಿಲೀಸ್ ಅನ್ನುವ ಕ್ಷುದ್ರಗ್ರಹ ಕಂಡಿತು. ಆಮೇಲೆ ಮುಂದಿನ ಗುಂಪಿಗೆ ಗ್ರೀಕ್ ವೀರರ ಹೆಸರು, ಹಿಂದಿನ ಗುಂಪಿಗೆ ಟ್ರಾಯ್ ವೀರರ ಹೆಸರು ಅಂತಾಯಿತು. ಆ ನಿಯಮಕ್ಕೂ ಮುಂಚೆ ಹೆಸರು ಪಡೆದ ಟ್ರಾಯ್‌ನ ಹೆಕ್ಟರ್ ಮತ್ತು ಗ್ರೀಕರ ಪೆಟ್ರೋಕ್ಲಸ್ ಎದುರು ಪಾಳೆಯದಲ್ಲೇ ಉಳಿದಿವೆ.

ಮುಂದಿನ ಕೆಲಸ, ಕಾಲವನ್ನು ಓಡಿಸುವುದು. ಸೂರ್ಯ, ಗುರು, ತೂಕವೇ ಇಲ್ಲದ ಒಂದು ಕಲ್ಲು, ಇಷ್ಟೇ. ಹತ್ತು ಹತ್ತು ದಿನದ ಹೆಜ್ಜೆಯಲ್ಲಿ, ಸ್ಥಾನ ಮತ್ತು ವೇಗವನ್ನು ಸರದಿಯಂತೆ ಮುಂದೆ ಒಯ್ಯುವ ಲೀಪ್‌ಫ್ರಾಗ್ ವಿಧಾನದಿಂದ ಮುಂದೆ ಸಾಗಿಸಿದೆ. ಇಲ್ಲಿ ವಿಧಾನದ ಆಯ್ಕೆ ಬಹಳ ಮುಖ್ಯ. ಶಾಲೆಯಲ್ಲಿ ಕಲಿಯುವ ಆಯ್ಲರ್ ವಿಧಾನದಲ್ಲಿ ಪ್ರತಿ ಸುತ್ತಿಗೂ ಶಕ್ತಿ ಸುಳ್ಳುಸುಳ್ಳೇ ಹೆಚ್ಚುತ್ತದೆ, ಕಲ್ಲು ತಾನಾಗಿ ಹೊರಗೆ ಸರಿಯುತ್ತದೆ. ಲೀಪ್‌ಫ್ರಾಗ್‌ನಲ್ಲಿ ಆ ತೊಂದರೆ ಇಲ್ಲ. ಸ್ವಂತವಾಗಿ ಬರೆಯಲು ಬೇಜಾರಾದರೆ ರೀಬೌಂಡ್ ಅನ್ನುವ ಉಚಿತ ಪ್ಯಾಕೇಜ್ ಇದೆ, ಚೆನ್ನಾಗಿದೆ.

ನೇರವಾಗಿ ಚಿತ್ರ ಬಿಡಿಸಿದರೆ ಎಲ್ಲವೂ ಸೂರ್ಯನನ್ನು ಸುತ್ತುತ್ತವೆ, ಬರೀ ವೃತ್ತಗಳೇ ಕಾಣುತ್ತವೆ. ಗುಟ್ಟು ಬಿಟ್ಟುಕೊಡುವುದು ಗುರುವಿನ ಜೊತೆಗೇ ತಿರುಗುವ ಚೌಕಟ್ಟು. ಜಾತ್ರೆಯಲ್ಲಿ ತಿರುಗುವ ಕುದುರೆ ಮೇಲೆ ಕೂತವರಿಗೆ ಪಕ್ಕದ ಕುದುರೆ ನಿಂತಲ್ಲೇ ನಿಂತ ಹಾಗೆ ಕಾಣುತ್ತದಲ್ಲ, ಹಾಗೆ. ಪ್ರತಿ ಹೆಜ್ಜೆಗೂ ಗುರುವಿನ ಕೋನವನ್ನು ಕಳೆದರೆ ಆಯಿತು, ಎರಡೇ ಸಾಲಿನ ಕೋಡ್.

ಕಲ್ಲನ್ನು ಗುರುವಿನ ಮುಂದೆ ಸರಿಯಾಗಿ 60 ಡಿಗ್ರಿಯಲ್ಲಿ ಇಡದೆ, ಬೇಕೆಂದೇ 10 ಡಿಗ್ರಿ ಗುರುವಿನ ಕಡೆಗೆ ಸರಿಸಿ ಬಿಟ್ಟೆ. ಮುಂದೆ ಕಂಡದ್ದನ್ನು ನಾನು ಎಷ್ಟು ಸಲ ನೋಡಿದರೂ ಬೇಸರವಾಗುವುದಿಲ್ಲ. ಕಲ್ಲು ಗುರುವಿನ ಕಡೆ ಬೀಳಲಿಲ್ಲ, ಅದರಿಂದ ದೂರ ಹೊರಟಿತು! 60 ಡಿಗ್ರಿ ದಾಟಿತು, ಇನ್ನೂ ಮುಂದೆ ಹೋಯಿತು, ನಿಧಾನವಾಯಿತು, ವಾಪಸ್ ಬಂತು. ಹೀಗೆ ಹೋಗಿ ಬರಲು ಹಿಡಿದದ್ದು ಸುಮಾರು 148 ವರ್ಷ. ಆ ಹೊತ್ತಿಗೆ ಗುರು ಹನ್ನೆರಡಕ್ಕೂ ಹೆಚ್ಚು ಸುತ್ತು ಮುಗಿಸಿರುತ್ತದೆ.

ಯಾಕೆ ಹೀಗೆ? ಗುರು ಹಿಂದಿನಿಂದ ಎಳೆದಾಗ ಕಲ್ಲು ಶಕ್ತಿ ಕಳೆದುಕೊಳ್ಳುತ್ತದೆ. ಶಕ್ತಿ ಕಡಿಮೆಯಾದರೆ ಸೂರ್ಯನಿಗೆ ಹತ್ತಿರದ ಕಕ್ಷೆಗೆ ಇಳಿಯುತ್ತದೆ. ಹತ್ತಿರದ ಕಕ್ಷೆಯಲ್ಲಿ ಓಟ ಜೋರು. ಹಾಗಾಗಿ ಹಿಂದಕ್ಕೆ ಎಳೆದಷ್ಟೂ ಅದು ಮುಂದಕ್ಕೆ ಓಡುತ್ತದೆ. ಸರಿ, ಮುಂದಕ್ಕೆ ಹೋದದ್ದನ್ನು ವಾಪಸ್ ತರುವುದು ಯಾವುದು? ಇಲ್ಲಿ ಸೂರ್ಯನ ಪಾತ್ರ ಬರುತ್ತದೆ. ಗುರು ಸೂರ್ಯನನ್ನೂ ಎಳೆಯುತ್ತದೆ. ಇಬ್ಬರೂ ಒಂದು ಸಮಾನ ಕೇಂದ್ರದ ಸುತ್ತ ತಿರುಗುತ್ತಾರೆ. ಆ ಕೇಂದ್ರ ಸೂರ್ಯನ ಮೇಲ್ಮೈಯಿಂದ ಸ್ವಲ್ಪ ಹೊರಗೇ ಇದೆ. ಸೂರ್ಯ ಹೀಗೆ ಅಲುಗಾಡುವುದರಿಂದ ಕಲ್ಲಿಗೆ ಮುಂದಕ್ಕೆ ಒಂದು ಸಣ್ಣ ತಳ್ಳು ಸಿಗುತ್ತದೆ. 60 ಡಿಗ್ರಿಯಲ್ಲಿ ಹಿಂದಿನ ಎಳೆತ, ಮುಂದಿನ ತಳ್ಳು ಎರಡೂ ಸರಿಸಮ. ಅದರಾಚೆ ತಳ್ಳು ಗೆಲ್ಲುತ್ತದೆ. ಕಲ್ಲು ಶಕ್ತಿ ಪಡೆದು ದೊಡ್ಡ ಕಕ್ಷೆಗೆ ಏರುತ್ತದೆ, ಅಲ್ಲಿ ಓಟ ನಿಧಾನ, ಗುರು ಅದನ್ನು ಹಿಡಿಯುತ್ತಾ ಬರುತ್ತದೆ. ಕೋಡ್‌ನಲ್ಲಿ ಸೂರ್ಯನನ್ನು ಸುಮ್ನೆ ಒಂದು ಕಡೆ ಮೊಳೆ ಹೊಡೆದಂತೆ ನಿಲ್ಲಿಸಿದರೆ 60 ಡಿಗ್ರಿಯ ಸಮತೋಲನವೇ ಮಾಯ. ಸೂರ್ಯನೂ ಚಲಿಸಬೇಕು.

ಇನ್ನೊಂದು ಪ್ರಯೋಗವನ್ನು ಎಲ್ಲರಿಗೂ ಶಿಫಾರಸು ಮಾಡುತ್ತೇನೆ. ತಿರುಗುವ ಚೌಕಟ್ಟಿನಲ್ಲೇ ಸಮೀಕರಣ ಬರೆದರೆ ಕೊರಿಯೋಲಿಸ್ ಬಲದ ಪದವೊಂದು ಬರುತ್ತದೆ. ತಿರುಗುವ ಚೌಕಟ್ಟಿನಿಂದ ನೋಡಿದಾಗ ಚಲಿಸುವ ವಸ್ತುವಿನ ದಾರಿಯನ್ನು ಪಕ್ಕಕ್ಕೆ ಬಾಗಿಸುವ ಬಲ ಅದು. ಗುರುತ್ವ ಮತ್ತು ಕೇಂದ್ರಾಪಗಾಮಿ ಬಲ ಎರಡನ್ನೇ ಸೇರಿಸಿ ನಕ್ಷೆ ಬಿಡಿಸಿದರೆ ಎಲ್4, ಎಲ್5 ಬಿಂದುಗಳು ಗುಂಡಿಗಳಲ್ಲ, ಗುಡ್ಡದ ತುದಿಗಳು. ಅಲ್ಲಿಂದ ಕಲ್ಲು ಉರುಳಲೇಬೇಕು. ಕೊರಿಯೋಲಿಸ್ ಸಾಲನ್ನು ಅಳಿಸಿ ಓಡಿಸಿದೆ. ಒಂದು ಸುತ್ತು ಮುಗಿಯುವ ಮುಂಚೆಯೇ ಕಲ್ಲು ಹೊರಟುಹೋಯಿತು. ಸಾಲನ್ನು ವಾಪಸ್ ಹಾಕಿದೆ. ಉರುಳಲು ಶುರುವಾದ ಕಲ್ಲಿನ ದಾರಿ ಬಾಗುತ್ತದೆ, ಬಾಗುತ್ತಾ ಬಾಗುತ್ತಾ ತುದಿಯನ್ನೇ ಸುತ್ತತೊಡಗುತ್ತದೆ. ಟ್ರೋಜನ್‌ಗಳು ಉಳಿದಿರುವುದು ಈ ಒಂದು ಪದದಿಂದ.

ಇದಕ್ಕೂ ಮಿತಿ ಇದೆ. ಸೂರ್ಯನ ತೂಕ ಗ್ರಹದ ತೂಕಕ್ಕಿಂತ ಸುಮಾರು 25 ಪಟ್ಟಾದರೂ ಜಾಸ್ತಿ ಇರಬೇಕು. ನಿಜದಲ್ಲಿ ಸೂರ್ಯ ಗುರುವಿನ 1047 ಪಟ್ಟು, ಏನೂ ಚಿಂತೆ ಇಲ್ಲ. ನಾನು ಗುರುವಿನ ತೂಕವನ್ನು ಸೂರ್ಯನ 30ರಲ್ಲಿ ಒಂದು ಪಾಲು ಮಾಡಿ, ಕಲ್ಲನ್ನು ಚೂರೇ ಚೂರು ಸರಿಸಿ ಬಿಟ್ಟೆ, ಉಳಿಯಿತು. 20ರಲ್ಲಿ ಒಂದು ಪಾಲು ಮಾಡಿದಾಗ ಅದರ ಸುತ್ತು ಪ್ರತಿ ಸಲವೂ ಹಿಗ್ಗುತ್ತಾ ಹೋಗಿ ತಪ್ಪಿಸಿಕೊಂಡಿತು. ತೂಕ ಬದಲಿಸಿದಾಗ ಆರಂಭದ ವೇಗಗಳನ್ನೂ ಹೊಸದಾಗಿ ಲೆಕ್ಕ ಹಾಕಬೇಕು, ಇದು ನೆನಪಿರಲಿ.

ಹೋಲಿಕೆಗೆ ನಮ್ಮ ಆದಿತ್ಯ-ಎಲ್1 ಇದೆ. ಅದು 2024ರ ಜನವರಿ 6ರಂದು ಭೂಮಿಯಿಂದ ಸೂರ್ಯನ ಕಡೆಗೆ ಸುಮಾರು 15 ಲಕ್ಷ ಕಿ.ಮೀ. ದೂರದ, ಸೂರ್ಯ-ಭೂಮಿ ನಡುವಿನ ಎಲ್1 ಬಿಂದುವಿನ ಸುತ್ತ ಸೇರಿಕೊಂಡಿತು. ಎಲ್1ರಲ್ಲಿ ಕೊರಿಯೋಲಿಸ್ ಬಲ ಇದ್ದರೂ ಸಾಲುವುದಿಲ್ಲ. ಅಲ್ಲಿ ಇಟ್ಟ ಚುಕ್ಕೆ ಚೂರು ಸರಿದರೆ, ಆ ಅಂತರ ಸುಮಾರು 23 ದಿನಕ್ಕೊಮ್ಮೆ ಎರಡೂಮುಕ್ಕಾಲು ಪಟ್ಟಾಗುತ್ತದೆ. ಅದಕ್ಕೇ ಆಗಾಗ ಎಂಜಿನ್ ಉರಿಸಿ ನೌಕೆಯನ್ನು ದಾರಿಗೆ ತರಬೇಕು.

ಭೂಮಿಗೂ ಇಂಥ ಸಂಗಾತಿಗಳಿವೆ, ಆದರೆ ಗೊತ್ತಿರುವುದು ಎರಡೇ: 2010 ಟಿಕೆ7 ಮತ್ತು 2020 ಎಕ್ಸ್‌ಎಲ್5. ಎರಡೂ ಭೂಮಿಯ ಮುಂದಿನ ಬಿಂದುವಿನ ಸಂಗಾತಿಗಳು. ಆ ಬಿಂದು ಬೆಳಗಿನ ಜಾವ, ಸೂರ್ಯ ಹುಟ್ಟುವ ದಿಕ್ಕಿನಲ್ಲಿ ಕಾಣುವಂಥದ್ದು, ಹುಡುಕಲು ಸಿಗುವ ಕತ್ತಲೆ ಬಹಳ ಕಡಿಮೆ. ಇವನ್ನು ಓಡಿಸುವಾಗ ಶುಕ್ರನನ್ನೂ ಗುರುವನ್ನೂ ಸೇರಿಸಲೇಬೇಕು. 2020 ಎಕ್ಸ್‌ಎಲ್5 ಇನ್ನೂ ಕನಿಷ್ಠ 4000 ವರ್ಷ ಅಲ್ಲಿರುತ್ತದೆ ಅಂತ ವಿಜ್ಞಾನಿಗಳ ಲೆಕ್ಕ. ಗುರುವಿನ ಗುಂಪಿಗೆ ಹೋಲಿಸಿದರೆ ಇದು ಕ್ಷಣಮಾತ್ರ.

ಈಗ ನಾಸಾದ ಲೂಸಿ ನೌಕೆಯ ದಾರಿಯನ್ನು, ಗ್ರಹ-ನೌಕೆಗಳು ಯಾವ ದಿನ ಎಲ್ಲಿರುತ್ತವೆ ಅಂತ ಕೊಡುವ ನಾಸಾದ ಹಾರೈಜನ್ಸ್ ತಾಣದಿಂದ ತೆಗೆದು ಅದೇ ತಿರುಗುವ ಚಿತ್ರದ ಮೇಲೆ ಹಾಕುತ್ತಿದ್ದೇನೆ. 2021ರ ಅಕ್ಟೋಬರ್‌ನಲ್ಲಿ ಹೊರಟ ಲೂಸಿ 2027ರ ಆಗಸ್ಟ್‌ನಲ್ಲಿ ಮುಂದಿನ ಗುಂಪಿನ ಯೂರಿಬೇಟಿಸ್ ಹತ್ತಿರ ಹಾಯುತ್ತದೆ. ಆಮೇಲೆ ಭೂಮಿಯ ಬಳಿ ಬಂದು, ತಿರುಗಿ, 2033ರಲ್ಲಿ ಹಿಂದಿನ ಗುಂಪಿನ ಪೆಟ್ರೋಕ್ಲಸ್ ಜೋಡಿಯ ಕಡೆ ಹೋಗುತ್ತದೆ. ಆ ಎರಡು ಮೋಡಗಳನ್ನೂ ಒಂದೇ ಗೆರೆ ಮುಟ್ಟಿ ಬರುವುದನ್ನು ನೋಡಬೇಕೆಂದರೆ ಲೂಸಿಯ ಅಂಕಿಗಳನ್ನು ಹತ್ತು ದಿನದ ಅಂತರದಲ್ಲಿ ತೆಗೆದುಕೊಳ್ಳಿ, ಭೂಮಿಯ ಹತ್ತಿರ ಬರುವಾಗ ಮಾತ್ರ ಒಂದೊಂದು ದಿನಕ್ಕೆ ಇಳಿಸಿ.